ನಿನ್ನ ಮಂಚದ ಮೇಲೆ ಮಲಗಿದವರು

ರಂಗಂಪೇಟೆ, ಸುರಪುರ
೧೦ ಮಾರ್ಚ್ ೧೯೫೭, ಭಾನುವಾರ

ತಮ್ಮಾ ಮೌನಪ್ಪಾ,

ಅಕ್ಕ ಸುಗಲಮ್ಮನ ಆಶೀರ್ವಾದ. ಮೈ ಹೇಗಿದೆ? ‘ಆರಾಮ ಅದೀನಿ’ ಎಂದು ಬರೆದೀಯ, ಜೋಕೆ! ಸರ್ಜರಿ ಕಲಿಯಲು ಹೋದಂದಿನಿಂದ ಪ್ರತಿ ಕಾಗದದಲ್ಲೂ ಅದನ್ನೇ ಬರೆದು ನಮ್ಮ ಕಣ್ಣಿಗೆ ಮಣ್ಣೆರಚಿದ್ದೀಯ. ಅವ್ವನ ಮೊಣಕಾಲು ನೋವು ಹಾಗೇ ಇದೆ. ಅಪ್ಪ ಗಟ್ಟಿಯಾಗಿದ್ದಾನೆ. ನಾನು ಸಿಟ್ಟಿನಲ್ಲಿದ್ದೇನೆ.

ಮೊನ್ನೆ ಪಕ್ಕದ ಮನೆಯ ದಾವಲಬೀ ಚಿಗವ್ವ ಹೈದರಾಬಾದಿನ ನಿಮ್ಮ ಆಸ್ಪತ್ರೆಯಿಂದ ವಾಪಸು ಬಂದಳು. ಗಂಡನ ಹೊಟ್ಟೆಯ ಆಪರೇಷನ್ ಚೆನ್ನಾಗಿ ಆಯಿತು ಎಂದಳು, ಆಮೇಲೆ ಸೆರಗು ಬಾಯಿಗೆ ಹಿಡಿದು ಅತ್ತಳು. ಹಿಂದಿನ ದಿನ ಬೆಳಿಗ್ಗೆಯಿಂದ ಡ್ಯೂಟಿ ಮಾಡಿ ಮಾಡಿ, ನೀನು ವಾರ್ಡಿನ ಬಾಗಿಲಿಗೆ ಆತು ನಿಂತಲ್ಲೇ ನಿದ್ದೆ ಹೋಗಿದ್ದೆಯಂತೆ. ನಾಲ್ಕನೇ ಹಾಸಿಗೆಯವನ ಔಷಧವನ್ನು ಐದನೆಯವನ ಕಾಗದದಲ್ಲಿ ಬರೆದುಬಿಟ್ಟೆಯಂತೆ. ನರ್ಸಮ್ಮ ನೋಡಿದ್ದಕ್ಕೆ ಒಂದು ಜೀವ ಉಳಿಯಿತು. ನಿಮ್ಮ ದೊಡ್ಡ ಡಾಕ್ಟರು ರೋಗಿಗಳೆಲ್ಲರ ಮುಂದೆ ಬೈದು, ‘ನಿಮ್ಮ ಜಿಲ್ಲೆ ಮೈಸೂರಿಗೆ ಹೋಯಿತಲ್ಲ, ನೀನೂ ಹೋಗು’ ಎಂದರಂತೆ. ಥೂ! ಹೋದ ನವೆಂಬರಿನಲ್ಲಿ ರಾಜ್ಯ ಬದಲಾಗಿದ್ದಕ್ಕೆ ನೀನೇನು ಅರ್ಜಿ ಹಾಕಿದ್ದೆಯಾ? ಬಿಸಿಲೇರಿದರೆ ಎತ್ತಿನ ಹೆಗಲಿನಿಂದಲೂ ನೊಗ ಇಳಿಸುತ್ತಾರೆ. ತಾವು ಉಂಡು, ಮಲಗಿ, ಎದ್ದು ಬಂದು, ನಿನ್ನೆಯಿಂದ ನಿಂತೇ ಇರುವ ಹುಡುಗನಿಗೆ ‘ಯಾಕೆ ತಪ್ಪಿದೆ’ ಎಂದು ಕೇಳಲು ಅವರಿಗೆ ನಾಚಿಕೆಯಾಗುವುದಿಲ್ಲವೇ? ನಾನು ಅಲ್ಲಿದ್ದಿದ್ದರೆ ಅವರ ಕೋಟು ಹಿಡಿದು ಕೇಳುತ್ತಿದ್ದೆ.

ನಿನ್ನ ಮೇಲೂ ಸಿಟ್ಟಿದೆ. ‘ಮನ್ಯಾಗ ಹೇಳಬ್ಯಾಡ ಚಿಗವ್ವಾ’ ಎಂದು ಆಣೆ ಹಾಕಿಸಿಕೊಂಡೆಯಂತೆ. ಡ್ಯೂಟಿ ಮುಗಿದ ಮೇಲಾದರೂ ಖೋಲಿಗೆ ಹೋಗಿ ಮಲಗಬಾರದೇ ಈ ಹುಡುಗ ಎಂದು ನಾನು ಬೈದೆ. ಅವಳು ನನ್ನ ಮುಖ ನೋಡಲಿಲ್ಲ. ‘ಹ್ಯಾಂಗ ಮಲಗ್ತಾನವ್ವಾ? ಅವನ ಮಂಚದ ಮ್ಯಾಲ ನಾ ಮಲಗಿದ್ದೆ. ಕೊಡೇಕಲ್‌ದವರು ಇಬ್ಬರು ಕೆಳಗ ಮಲಗಿದ್ರು’ ಎಂದಳು. ಒಂಬತ್ತು ದಿನ! ಅದಕ್ಕೆ ಮುಂಚೆ ಕೆಂಭಾವಿಯ ವೆಂಕಟಪ್ಪನ ಮನೆಯವರೆಲ್ಲ ಅಲ್ಲೇ ಇದ್ದರಂತೆ. ಎಲ್ಲರ ಕೈಯಲ್ಲೂ ನಮ್ಮ ಅಪ್ಪನ ಚೀಟಿ. ಕಟ್ಟೆಯ ಮೇಲೆ ದಿವಾನನ ಹಾಗೆ ಕೂತು ‘ನಮ್ಮ ಮೌನಪ್ಪ ಅದಾನ, ಈ ಚೀಟಿ ತೋರಸ್ರಿ, ಅವನ ಖೋಲ್ಯಾಗss ಇರ್ರಿ’ ಎಂದು ಬಂದವರಿಗೆಲ್ಲ ಹಂಚುತ್ತಾನಲ್ಲ, ಅದೇ ಚೀಟಿ. ಕೇಳಿದರೆ ‘ಊರಿಗೆ ಉಪಯೋಗ ಆಗ್ಲಿ ಅಂತನss ಓದಿಸೀನಿ’ ಎಂದ. ‘ಊರಿಗೆ ಡಾಕ್ಟರ್ ಬೇಕೋ, ಛತ್ರ ಬೇಕೋ?’ ಎಂದೆ. ಎರಡು ದಿನದಿಂದ ಮಾತು ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಾನೆ. ಉಣ್ಣಲಿ. ಅವ್ವ ಈ ಸಲ ನನ್ನ ಕಡೆಗಿದ್ದಾಳೆ.

ಹೊಟ್ಟೆ ತುಂಬ ಉಣ್ಣು. ನಿನ್ನ ಕೈಗೆ ಯಾವ ಕೆಟ್ಟ ಹೆಸರೂ ಬರದೆ ಇರಲಿ, ನೂರು ವರ್ಷ ಬಾಳು.

ಸಿಟ್ಟಿನಲ್ಲಿರುವ ನಿನ್ನ ಅಕ್ಕ,
ಸುಗಲಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಅಪ್ಪನ ಕಣ್ಣು ಮಂಜಾಗಿ ಎರಡು ವರ್ಷವಾಯಿತು. ಚೀಟಿ ಹೇಳುವವನು ಅವನು, ಬರೆಯುವವಳು ನಾನು. ಶಾಲೆಯಲ್ಲಿ ಪಾಠ ಹೇಳಿ ಬಂದವಳೇ, ಹೋದವರು ಎಲ್ಲಿ ಮಲಗುತ್ತಾರೆ ಎಂದು ಒಂದು ಸಲವೂ ಯೋಚಿಸದೆ, ದುಂಡಗೆ ಬರೆದು ಕೊಡುತ್ತಿದ್ದೆ. ನಿನಗೆ ಅ ಆ ತಿದ್ದಿಸಿದವಳು ನಾನೇ, ನನ್ನ ಅಕ್ಷರ ನಿನಗೆ ಗೊತ್ತಿಲ್ಲವೇ? ‘ಅಕ್ಕ ಕಳಿಸಿದ್ದಾಳೆ’ ಎಂದೇ ನೀನು ಪ್ರತಿ ಸಲವೂ ಮಂಚ ಬಿಟ್ಟುಕೊಟ್ಟೆ. ಶಾಲೆಗೆ ರಜೆ ಹಾಕಿದ್ದೇನೆ, ಶುಕ್ರವಾರ ಯಾದಗಿರಿಯಲ್ಲಿ ರೈಲು ಹತ್ತುತ್ತೇನೆ. ಚಾಪೆ ತರುತ್ತೇನೆ, ನಿನ್ನ ಬಾಗಿಲ ಹೊರಗೆ ಹಾಸಿಕೊಂಡು ಕೂರುತ್ತೇನೆ. ನನ್ನ ಅಕ್ಷರದ ಚೀಟಿ ಹಿಡಿದು ಯಾರೇ ಬಂದರೂ ನಾನೇ ಹರಿದು ಹಾಕುತ್ತೇನೆ. ನೀನು ಮಲಗು.