ಓಟಿಪಿ ನಿಮ್ಮ ಫೋನಿಗೇ ಬರುತ್ತದೆ, ಮಾವ

ಪ್ರೀತಿಯ ಚಕ್ರಪಾಣಿ ಮಾವನಿಗೆ,

ಪೋರ್ಚುಗಲ್‌ನ ಪೋರ್ಟೊ ಊರಿನಿಂದ ರಾಗಿಣಿಯ ನಮಸ್ಕಾರಗಳು. ಮೊದಲೇ ಹೇಳಿಬಿಡುತ್ತೇನೆ, ಆರೋಗ್ಯವಾಗಿದ್ದೇನೆ, ಕೆಲಸವೂ ಇದೆ. ನೀವು ಗಾಬರಿಯಾಗಬೇಡಿ. ಗಾಬರಿಯಾಗಿರುವುದು ನನಗೆ.

ಹೋದ ವಾರ ಭಾರತದ ಇನ್ಕಮ್ ಟ್ಯಾಕ್ಸ್‌ನವರಿಂದ ಒಂದು ಮೇಲ್ ಬಂತು. ನನಗೆ ಇಲ್ಲೊಂದು ಬ್ಯಾಂಕ್ ಖಾತೆ ಇರುವುದು ಅವರಿಗೆ ಗೊತ್ತಾಗಿದೆ. ಈ ವರ್ಷದ ರಿಟರ್ನ್‌ನಲ್ಲಿ ಅದನ್ನು ತೋರಿಸಿಲ್ಲ, ಡಿಸೆಂಬರ್ ಮುಗಿಯುವುದರೊಳಗೆ ಸರಿಪಡಿಸಿ ಎಂದಿದ್ದಾರೆ. ಆವತ್ತಿನಿಂದ ಫೋನ್ ಸದ್ದಾದರೆ ಸಾಕು, ಅವರದೇ ಇರಬೇಕೆಂದು ಓಡಿಹೋಗಿ ನೋಡುತ್ತೇನೆ. ಮಕ್ಕಳ ಪುಸ್ತಕಕ್ಕೆ ಆನೆ ಬಿಡಿಸಲು ಕೂತವಳು ಸೊಂಡಿಲನ್ನೇ ಮರೆತು ಕಂಪನಿಗೆ ಕಳಿಸಿದ್ದೇನೆ. ಅವರು ಅದನ್ನು ಹೊಸ ಪ್ರಾಣಿ ಎಂದುಕೊಂಡರು.

ವಿಜಯನಗರದ ಹಿಟ್ಟಿನ ಗಿರಣಿಯ ಮೇಲಿರುವ ನಿಮ್ಮ ಆಫೀಸು ನೆನಪಾಗುತ್ತಿದೆ. ಅಪ್ಪ ತೀರಿಕೊಂಡ ಮೇಲೆ ನಾನು ಹೋಂವರ್ಕ್ ಮಾಡಿದ್ದೆಲ್ಲ ಅಲ್ಲಿಯೇ. ಜುಲೈ ಬಂತೆಂದರೆ ಮೂಡಲಪಾಳ್ಯದ ದಿನಸಿ ಅಂಗಡಿಯವರು, ಸುಂಕದಕಟ್ಟೆಯ ಲೇತ್ ವರ್ಕ್‌ಶಾಪಿನವರು ಕಾಗದದ ಕಟ್ಟು ತಂದುಕೊಟ್ಟು, ‘ಚಕ್ರಪಾಣಿ ಸಾರ್ ನೋಡ್ಕೋತಾರೆ ಬಿಡಿ’ ಎಂದು ನಿಶ್ಚಿಂತೆಯಿಂದ ಹೋಗುತ್ತಿದ್ದರು. ಅಪ್ಪ ಬಿಟ್ಟುಹೋದ ಠೇವಣಿಯ ಬಡ್ಡಿಗಾಗಿ ನನ್ನ ರಿಟರ್ನನ್ನೂ ಪ್ರತಿವರ್ಷ ನೀವೇ ತುಂಬುತ್ತೀರಿ. ನಾನೂ ಅವರ ಹಾಗೆಯೇ ನಿಶ್ಚಿಂತೆಯಾಗಿದ್ದೆ.

ಹೋದ ಜುಲೈನಲ್ಲಿ ನೀವು ಫೋನಿನಲ್ಲಿ ರೇಗಿದ್ದಿರಿ. ‘ಅಲ್ವೇ, ಕಂಪನಿ ಡೆನ್ಮಾರ್ಕಲ್ಲಿ, ನೀನು ಪೋರ್ಚುಗಲ್ಲಲ್ಲಿ, ಫೈಲ್ ಮಾಡೋನು ವಿಜಯನಗರದಲ್ಲಿ. ಇದ್ಯಾವ ಸೀಮೆ ಕೆಲಸ ಕಣೇ?’ ಸಂಬಳದ ಟ್ಯಾಕ್ಸ್ ಇಲ್ಲೇ ಕಟ್ಟುತ್ತಿದ್ದೇನೆ, ಈ ಸಲ ನನ್ನನ್ನು ಅನಿವಾಸಿ ಎಂದು ಹಾಕಬೇಕೇನೋ ಎಂದೆ. ನಿಮ್ಮ ದನಿ ಬದಲಾಯಿತು. ‘ಯಾಕೆ ಹಾಕ್ಬೇಕು? ನಿನ್ನ ರೂಮು ಹಾಗೇ ಇದೆ. ಶನಿವಾರ ಅರ್ಚನೆ ಮಾಡಿಸೋವಾಗ ಮನೆಯವರ ಜೊತೆ ನಿನ್ನ ಹೆಸರೂ ಹೇಳ್ತೀನಿ. ಮನೆ ಮಗಳನ್ನ ಅನಿವಾಸಿ ಅಂತ ನನ್ನ ಕೈಯಾರೆ ಬರೆಯಕ್ಕಾಗಲ್ಲ.’ ‘ಸರಿ ಮಾವ, ನಿಮ್ಮಿಷ್ಟ’ ಎಂದೆ. ನಿಜ ಹೇಳಬೇಕೆಂದರೆ, ಆವತ್ತು ತುಂಬಾ ಖುಷಿಯಾಗಿತ್ತು.

ಮೇಲ್ ಬಂದ ಮೇಲೆ ನಿಮಗೆ ತಿಳಿಸುವ ಧೈರ್ಯ ಬರಲಿಲ್ಲ. ರಾಜಾಜಿನಗರದ ಆಡಿಟರ್ ನಾಗಭೂಷಣ್ ಎನ್ನುವವರನ್ನು ಕೇಳಿದೆ. ‘ಹಬ್ಬಕ್ಕೆ ಬಂದು ಹೋಗೋರನ್ನ ನಿವಾಸಿ ಅಂತ ಯಾರಮ್ಮಾ ಬರೆದಿದ್ದು? ಅನಿವಾಸಿ ಅಂತ ಹಾಕಿದ್ರೆ ಆ ಸಂಬಳಕ್ಕೆ ಇಲ್ಲಿ ಟ್ಯಾಕ್ಸೂ ಇಲ್ಲ, ಆ ಖಾತೆ ತೋರಿಸೋದೂ ಬೇಡ. ಹೀಗೇ ಬಿಟ್ರೆ ಭಾರೀ ದಂಡ ಬೀಳತ್ತೆ’ ಎಂದರು. ‘ಯಾರೋ ಟೈಪಿಂಗ್ ಅಂಗಡಿಯವರು ಸಾರ್’ ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ಅತ್ತುಬಿಟ್ಟೆ, ಮಾವ. ನಿಮ್ಮನ್ನು ಯಾರೋ ಎಂದ ಬಾಯಿಗೆ ಆವತ್ತು ಊಟ ಸೇರಲಿಲ್ಲ.

ಏನೇನೋ ಕಣ್ಣ ಮುಂದೆ ಬರುತ್ತದೆ. ದೇವನಹಳ್ಳಿ ಏರ್‌ಪೋರ್ಟಿನಲ್ಲಿ ನನ್ನ ಪಾಸ್‌ಪೋರ್ಟ್ ಹಿಡಿದು ‘ಸ್ವಲ್ಪ ಈ ಕಡೆ ಬನ್ನಿ’ ಎಂದಂತೆ, ಯಾರೋ ಅಧಿಕಾರಿಗಳು ಗಿರಣಿಯ ಪಕ್ಕದ ಮೆಟ್ಟಿಲು ಹತ್ತಿ ನಿಮ್ಮ ಬಾಗಿಲು ತಟ್ಟಿದಂತೆ. ಹಾಗೇನೂ ಆಗುವುದಿಲ್ಲ, ತಿದ್ದಲು ಸಮಯವಿದೆ ಎಂದು ನಾಗಭೂಷಣ್ ಹೇಳಿದ್ದಾರೆ. ಆದರೂ ಭಯ ಹೋಗುತ್ತಿಲ್ಲ. ಈಗ ನನ್ನನ್ನು ಹೆದರಿಸುತ್ತಿರುವುದು ದಂಡವಲ್ಲ. ತಿದ್ದಿಬಿಟ್ಟರೆ ನಾನು ಅನಿವಾಸಿ ಎನ್ನುವುದೇ ನಿಜವಾಗಿಬಿಡುತ್ತದಲ್ಲ ಎಂದು ಹೆದರಿಕೆ. ಇನ್ನೂ ಒಂದು ಮಾತಿದೆ. ಇಲ್ಲಿನ ಬ್ಯಾಂಕಿನವರು ಕಾಯಂ ವಿಳಾಸ ಕೇಳಿದಾಗ ನಾನು ವಿಜಯನಗರದ ಮನೆಯದನ್ನೇ ಕೊಟ್ಟಿದ್ದೆ. ಆ ವಿಳಾಸ ನೋಡಿಯೇ ಇಲ್ಲಿನವರು ನನ್ನ ಖಾತೆಯ ಸುದ್ದಿಯನ್ನು ದೆಹಲಿಗೆ ಕಳಿಸಿದರಂತೆ. ಅಲ್ಲಿ ನೀವು, ಇಲ್ಲಿ ನಾನು, ಇಬ್ಬರೂ ಒಂದೇ ತಪ್ಪು ಮಾಡಿದ್ದೇವೆ.

ಹೊಸ ರಿಟರ್ನ್ ಸಿದ್ಧವಾಗಿದೆ. ಅನಿವಾಸಿ ಎಂದೇ ತುಂಬಿದ್ದಾರೆ. ಆದರೆ ಅದನ್ನು ಮುಗಿಸಲು ಓಟಿಪಿ ಬೇಕು. ಕಾಲೇಜು ಸೇರಿದ ವರ್ಷ ನನ್ನ ಪಾನ್ ಕಾರ್ಡ್ ಮಾಡಿಸುವಾಗ ನೀವು ನಿಮ್ಮ ನಂಬರನ್ನೇ ಕೊಟ್ಟಿರಿ. ‘ಹುಡುಗಿ ನಂಬರ್ ಎಲ್ಲಾ ಕಡೆ ಯಾಕೆ’ ಎಂದಿದ್ದಿರಿ. ಅದು ಈಗಲೂ ಹಾಗೆಯೇ ಇದೆ. ಬದಲಾಯಿಸಬೇಕೆಂದು ನನಗೆ ಯಾವತ್ತೂ ಅನ್ನಿಸಲಿಲ್ಲ.

ನೀವು ಪ್ರತಿ ಮೇಲನ್ನೂ ಪ್ರಿಂಟ್ ತೆಗೆದು ಓದುವವರು. ಇದನ್ನೂ ಹಾಗೆಯೇ ಓದಿ, ಪುಟ್ಟಲಕ್ಷ್ಮಿ ಅತ್ತೆಗೂ ಓದಿ ಹೇಳಿ. ಬೈಯುವುದಿದ್ದರೆ ಬೈಯಿರಿ, ಮಾತು ಮಾತ್ರ ಬಿಡಬೇಡಿ. ನಾಳೆ ಮಧ್ಯಾಹ್ನ ಊಟವಾದ ಮೇಲೆ ಫೋನನ್ನು ಹತ್ತಿರ ಇಟ್ಟುಕೊಂಡಿರಿ, ನಾನೇ ಕರೆ ಮಾಡುತ್ತೇನೆ. ಮೆಸೇಜಿನಲ್ಲಿ ಇದನ್ನು ಯಾರಿಗೂ ಹೇಳಬೇಡಿ ಎಂದಿರುತ್ತದೆ. ನನಗೆ ಹೇಳಿ, ಮಾವ. ಹೇಳಿದ ಮೇಲೆ, ಶನಿವಾರದ ಅರ್ಚನೆಯಲ್ಲಿ ನನ್ನ ಹೆಸರು ಬಿಡಬೇಡಿ.

ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿಮ್ಮ ಆಶೀರ್ವಾದ ಕೇಳುತ್ತಾ,
ವಿಜಯನಗರದ ರಾಗಿಣಿ