ಅಪ್ಪನ ಹಾಳೆಯಲ್ಲಿ ಇಲ್ಲದ ಹೆಸರು

ಲೋಮ್
ಅಕ್ಟೋಬರ್ 14, 2018, ಭಾನುವಾರ

ನನ್ನ ಮುದ್ದಿನ ಲ್ಯುಬೆನ್‌ಗೆ,

ನಿನ್ನ ಅಮ್ಮನ ಆಶೀರ್ವಾದಗಳು. ಈ ಕಾಗದವನ್ನು ನಿನಗಿಂತ ಮೊದಲು ಒಡೆದು ಓದುವ ಜೈಲಿನ ಸಾಹೇಬರಿಗೂ ನನ್ನ ನಮಸ್ಕಾರ. ಅವರಿಗೂ ಒಬ್ಬಳು ತಾಯಿ ಇದ್ದಾಳು, ಬೇಗ ಓದಿ ನಿನ್ನ ಕೈಗೆ ಕೊಡಲಿ. ತಡವಾಯಿತು, ಕ್ಷಮಿಸು ಮಗಾ. ನಿನ್ನ ಕಾಗದ ಬಂದು ಐದು ವಾರವಾಯಿತು. ಅದರಲ್ಲಿದ್ದದ್ದು ಒಂದೇ ಪ್ರಶ್ನೆ. ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಬರೆದದ್ದನ್ನು ಒಲೆಗೆ ಹಾಕಿದೆ. ಈ ಸಲ ಒಲೆ ಹಚ್ಚದೆಯೇ ಕೂತಿದ್ದೇನೆ, ಕಾಲು ಮರಗಟ್ಟಿದೆ.

ಮೊದಲು ಊರಿನ ಸುದ್ದಿ ಹೇಳುತ್ತೇನೆ. ಈ ವರ್ಷ ಕೆಂಪು ದೊಣ್ಣೆಮೆಣಸಿನಕಾಯಿ ಚೆನ್ನಾಗಿ ಬಂತು. ಸುಟ್ಟು, ಸಿಪ್ಪೆ ಬಿಡಿಸಿ, ರುಬ್ಬಿ, ಕಾಯಿಸಿ ಜಾಡಿಗೆ ತುಂಬಿದೆ. ಒಬ್ಬಳಿಗೆ ಇಷ್ಟೊಂದು ಯಾಕೆ ಎಂದು ಕೇಳಬೇಡ, ನಿನ್ನ ಅಪ್ಪ ಇದ್ದಾಗಿನ ಲೆಕ್ಕದಲ್ಲೇ ಕೈ ಓಡುತ್ತದೆ. ಎದುರು ಮನೆಯ ನೆವೆನಾ ಇನ್ನೂ ಕಪ್ಪು ಬಟ್ಟೆ ಬಿಟ್ಟಿಲ್ಲ. ಅವಳ ಮಗ ಮೀರೋ ಸತ್ತು ಒಂದೂವರೆ ವರ್ಷವಾಯಿತು. ನೀನು ಕೊಲ್ಲಬೇಕೆಂದು ತಳ್ಳಲಿಲ್ಲ ಎಂದು ನನಗೆ ಗೊತ್ತು. ಆದರೆ ಅವನ ತಲೆ ಆ ಹೋಟೆಲಿನ ಮೆಟ್ಟಿಲಿಗೆ ಬಡಿದದ್ದು ನೀನು ತಳ್ಳಿದ್ದರಿಂದಲೇ. ಅವಳ ಬಾಗಿಲೂ ನಮ್ಮ ಬಾಗಿಲೂ ಇಂದಿಗೂ ಎದುರುಬದುರಾಗಿಯೇ ಇವೆ.

ನಿನ್ನೆಯಲ್ಲ, ಅದರ ಹಿಂದಿನ ಶನಿವಾರ ಸ್ಲಾವ್ಕಾಳ ವ್ಯಾನಿನಲ್ಲಿ ನಿನ್ನ ಜೈಲಿನವರೆಗೆ ಬಂದಿದ್ದೆ. ನಿನಗೆ ಗೊತ್ತಾಗಿರಲಿಕ್ಕಿಲ್ಲ. ಆ ಹೆಂಗಸಿನ ಗಂಡ ಹನ್ನೊಂದು ವರ್ಷ ಒಳಗಿದ್ದವನು. ಅವನು ಹೊರಗೆ ಬಂದ ಮೇಲೂ ಇವಳಿಗೆ ಆ ದಾರಿ ಬಿಡಲಾಗಲಿಲ್ಲ, ತಿಂಗಳಿಗೊಮ್ಮೆ ನಮ್ಮಂಥವರನ್ನೆಲ್ಲ ತುಂಬಿಕೊಂಡು ಹೊರಡುತ್ತಾಳೆ. ಗೇಟಿನಲ್ಲಿ ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಗಾಜಿನ ಜಾಡಿ ಬೇಡ, ಲಾಡಿ ಇರುವ ಅಂಗಿ ಬೇಡ. ಪೊಟ್ಟಣ ಕಟ್ಟುವುದು, ಅರ್ಜಿ ಬರೆಯುವುದು, ಓದಲು ಬಾರದವರಿಗೆ ಕಾಗದ ಓದಿ ಹೇಳುವುದು ಎಲ್ಲ ಅವಳದೇ. ಕೊನೆಯ ತಿರುವು ಬಂದಾಗ ಹೆಂಗಸರೆಲ್ಲ ಚೀಲದಿಂದ ಕನ್ನಡಿ ತೆಗೆಯುತ್ತಾರೆ. ನಾನೊಬ್ಬಳು ತೆಗೆಯುವುದಿಲ್ಲ. ಅವರು ಒಳಗೆ ಹೋಗುತ್ತಾರೆ, ನಾನು ವ್ಯಾನಿನಲ್ಲೇ ಉಳಿಯುತ್ತೇನೆ.

"ಒಳಗೆ ಬಿಡಲ್ಲ ಅಂತ ಗೊತ್ತಿದ್ದೂ ಯಾಕಕ್ಕಾ ಇಷ್ಟು ದೂರ ಬರ್ತೀರಿ?" ಎಂದು ಡ್ರೈವರ್ ಕೇಳಿದ.

"ಮನೇಲಿ ಕೂತ್ರೂ ಅಳೋದೇ, ಇಲ್ಲಾದ್ರೆ ಹತ್ತಿರದಲ್ಲಿ ಕೂತು ಅಳ್ತೀನಿ. ನೀನು ನಿನ್ನ ಸಿಗರೇಟು ಸೇದಪ್ಪ," ಅಂದೆ.

ಜೂನ್‌ನಿಂದ ಹೀಗೇ ಐದು ಸಲ ಆಯಿತು. ಎಲ್ಲ ಆ ಒಂದು ಹಾಳೆಯಿಂದ. ಅಪ್ಪನ ಮಣ್ಣಿಗೆ ನಿನ್ನನ್ನು ಕಳಿಸಲಿಲ್ಲ. ಬಾಗಿಲಿಗೆ ಅಂಟಿಸಿದ ಶ್ರದ್ಧಾಂಜಲಿ ಹಾಳೆಯಾದರೂ ಕಳಿಸು, ಹಾಸಿಗೆ ಪಕ್ಕ ಇಟ್ಟುಕೊಳ್ಳುತ್ತೇನೆ ಎಂದು ನೀನು ಕೇಳಿದೆ. ನಾನು ಇವತ್ತು ನಾಳೆ ಎನ್ನುತ್ತ ಹೋದೆ. ಪಾಪ, ಈ ಮುದುಕಿಗೆ ಮರೆವು ಎಂದು ಸ್ಲಾವ್ಕಾ ಅಂದುಕೊಂಡಳು. ಬಸ್ ಸ್ಟ್ಯಾಂಡಿನಲ್ಲಿ ನಾನೇ ಅಂಟಿಸಿದ್ದೊಂದನ್ನು ಜೋಪಾನವಾಗಿ ಬಿಡಿಸಿ ನಿನ್ನ ಪೊಟ್ಟಣಕ್ಕೆ ಹಾಕಿಬಿಟ್ಟಳು. ಅದರ ಕೆಳಗೆ ‘ಹೆಂಡತಿ ದಾಂಕಾ, ತಮ್ಮ ತೋದೋರ್’ ಎಂದಷ್ಟೇ ಇತ್ತು. ಇದ್ದೊಬ್ಬ ಮಗನ ಹೆಸರು ಇರಲಿಲ್ಲ.

ನೀನು ನನ್ನನ್ನು ಭೇಟಿ ಪಟ್ಟಿಯಿಂದ ತೆಗೆಸಿದೆ ಎಂದು ಗೊತ್ತಾದ ದಿನ ಅವಳ ಮೇಲೆ ಹರಿಹಾಯ್ದೆ.

"ನಿನ್ನನ್ನ ಯಾರು ಕೇಳಿದ್ರು? ಊರಿಗೆಲ್ಲ ಉಪಕಾರ ಮಾಡೋಕೆ ಹೋಗಿ ನನ್ನ ಮನೆಗೆ ಬೆಂಕಿ ಹಾಕಿದ್ಯಲ್ಲ!"

"ನಾನು ಫೋಟೋ ನೋಡ್ದೆ ದಾಂಕಕ್ಕಾ, ನಿಮ್ಮ ಅಸೆನಣ್ಣ ಅದ್ರಲ್ಲಿ ನಗ್ತಿದ್ರು. ಕೆಳಗಡೆ ಓದ್ಲೇ ಇಲ್ಲ. ಮಗನ ಹೆಸರು ಇರಲ್ಲ ಅಂತ ಯಾರಿಗೆ ತಾನೇ ಹೊಳೆಯುತ್ತೆ?" ಎಂದು ಅವಳು ಅಳುತ್ತ ಕೂತಳು.

ಅವಳು ಹೇಳಿದ್ದು ಸರಿಯೇ. ನಮ್ಮಲ್ಲಿ ನಲವತ್ತು ವರ್ಷ ಮಾತು ಬಿಟ್ಟವರ ಹೆಸರನ್ನೂ ಆ ಹಾಳೆಗೆ ಹಾಕುತ್ತಾರೆ. ಹಾಳೆ ಅಚ್ಚು ಮಾಡುವ ಅಂಗಡಿಯ ಹುಡುಗಿ ಟೈಪ್ ಮಾಡುವಾಗ ಮರೆತಳು ಎಂದು ನಾನು ನಿನಗೆ ಬರೆದೆ. ಆಮೇಲೆ ನಿನ್ನ ಕಾಗದ ಬಂತು: "ಆ ಹುಡುಗಿ ಮರೆತಳು ಅಂತಾನೇ ಇಟ್ಕೊಳ್ಳೋಣ ಅಮ್ಮ. ಊರೆಲ್ಲ ಅಂಟಿಸಿದವಳು ನೀನು. ಅಂಟಿಸೋವಾಗ ಕಣ್ಣಿಗೆ ಬೀಳ್ಲಿಲ್ವಾ? ಯಾರು ತೆಗೆಸಿದ್ದು ಹೇಳು. ಹೇಳೋ ತನಕ ಬರಬೇಡ."

ನಿನ್ನೆ ಅಪ್ಪನ ಆರು ತಿಂಗಳು. ಹೊಸ ಹಾಳೆ ಮಾಡಿಸಿದ್ದೇನೆ. ಅದರಲ್ಲಿ ‘ಮಗ ಲ್ಯುಬೆನ್’ ಎಂದು ಮೊದಲನೇ ಸಾಲಿನಲ್ಲಿದೆ, ನನ್ನ ಹೆಸರು ಅದರ ಕೆಳಗೆ. ಒಂದನ್ನು ಇದರ ಜೊತೆ ಇಟ್ಟಿದ್ದೇನೆ. ನಮ್ಮ ಬಾಗಿಲಿಗೆ, ಬಸ್ ಸ್ಟ್ಯಾಂಡಿಗೆ, ಚರ್ಚಿನ ಮುಂದಿನ ಮರಕ್ಕೆ ನಾನೇ ಅಂಟಿಸಿ ಬಂದೆ. ತೋದೋರ್ ಏಣಿ ಹಿಡಿಯಲು ಬರುತ್ತೇನೆ ಅಂದ, ಬೇಡ ಅಂದೆ. ಗೋರಿಯ ಮೇಲೆ ದ್ರಾಕ್ಷಾರಸ ಸುರಿದೆವು. ಅಪ್ಪನಿಗೆ ಬೇಕಾದದ್ದಕ್ಕಿಂತ ಕಡಿಮೆಯೇ ಆಯಿತು, ಅವರ ಸ್ವಭಾವ ನಿನಗೆ ಗೊತ್ತಲ್ಲ.

ಉಣ್ಣೆಯ ಕಾಲುಚೀಲ ಎರಡು ಜೊತೆ ಸ್ಲಾವ್ಕಾಳ ಕೈಯಲ್ಲಿ ಕೊಟ್ಟಿದ್ದೇನೆ. ಕೆಮ್ಮಿದ್ದರೆ ಡಾಕ್ಟರಿಗೆ ಹೇಳು, ಗಂಡಸುತನ ತೋರಿಸಲು ಹೋಗಬೇಡ. ಜಗಳಕ್ಕೆ ಯಾರು ಕರೆದರೂ ಗೋಡೆ ಕಡೆ ತಿರುಗಿ ಮಲಗು. ದೇವಮಾತೆ ನಿನ್ನನ್ನು ಕಾಯಲಿ, ಉಳಿದ ಆರೂವರೆ ವರ್ಷ ನಿನ್ನ ಮೈಮೇಲೆ ಹಗುರವಾಗಿ ಹಾದುಹೋಗಲಿ, ನಿನ್ನನ್ನು ಕಾಯುವವರ ಮನಸ್ಸಿನಲ್ಲಿ ಕರುಣೆ ಇರಲಿ.

ಇಂತಿ,
ನಿನ್ನ ಅಮ್ಮ
ದಾಂಕಾ

ತಾ. ಕ.: ಕವರಿಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ಕೇಳು.

ತೆಗೆಸಿದವಳು ನಾನು. ಅಂಗಡಿಯ ಹುಡುಗಿ ಮರೆತಿರಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿ ತಮ್ಮ ಹಾಳೆಗೆ ಹಾಕಬೇಕಾದ ಹೆಸರುಗಳ ಚೀಟಿ ಬರೆದುಕೊಟ್ಟಿದ್ದರು, ಅದರಲ್ಲಿ ನಿನ್ನ ಹೆಸರೇ ಮೊದಲಿತ್ತು. ಅವಳು ಹಾಗೆಯೇ ಟೈಪ್ ಮಾಡಿದ್ದಳು. ನಾನು ಪರದೆಯ ಮೇಲೆ ಬೆರಳಿಟ್ಟು ಈ ಸಾಲು ತೆಗಿ ಅಂದೆ. "ಮಗನ ಹೆಸರಾ ಅಮ್ಮಾ? ತೆಗೀಲಾ?" ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಹೂಂ ಅಂದೆ.

ಅದೇ ವಾರ ಎದುರು ಬಾಗಿಲಿಗೆ ಮೀರೋನ ವರ್ಷದ ಹಾಳೆ ಬಿದ್ದಿತ್ತು. ನೆವೆನಾ ದಿನಾ ನಿನ್ನ ಹೆಸರು ಓದುವಂತೆ ಮಾಡಬಾರದು, ಅದಕ್ಕೇ ತೆಗೆಸಿದೆ ಎಂದು ಆರು ತಿಂಗಳು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಹೇಳುತ್ತೇನೆ. ಆ ಒಂದು ವಾರವಾದರೂ ಊರಿನಲ್ಲಿ ಬರೀ ವಿಧವೆಯಾಗಿ ಓಡಾಡಬೇಕು, ಜನ ನನ್ನ ಕೈ ಹಿಡಿದು ಅಳಬೇಕು ಅನಿಸಿತ್ತು. ಕೊಲೆಗಾರನ ತಾಯಿಯಾಗಿ ಅಲ್ಲ. ಜನ ಹಿಡಿದರು, ಅತ್ತರು. ನನಗೆ ಹಿತವಾಗಿತ್ತು, ಮಗಾ.

ನಿನ್ನೆ ಅಪ್ಪನ ಹೆಸರಿನಲ್ಲಿ ಬೇಯಿಸಿದ ಗೋಧಿ ಹಂಚುವಾಗ ನೆವೆನಾ ಬೀದಿ ದಾಟಿ ಬಂದಳು. ಬಾಗಿಲ ಮುಂದೆ ನಿಂತು ಹೊಸ ಹಾಳೆಯನ್ನು ಕೊನೆಯವರೆಗೂ ಓದಿದಳು. ಗೋಧಿ ತೆಗೆದುಕೊಂಡವರು ‘ದೇವರು ಕ್ಷಮಿಸಲಿ’ ಎನ್ನಬೇಕಲ್ಲ, ಯಾರನ್ನು ಎಂದು ಯಾರೂ ಹೇಳುವುದಿಲ್ಲ. ಅವಳು ಲೋಟ ಹಿಡಿದು ನನ್ನ ಮುಖ ನೋಡಿ, "ಅಸೆನ್‌ನ ದೇವ್ರು ಕ್ಷಮಿಸ್ಲಿ ದಾಂಕಾ. ಅಸೆನ್ ಒಬ್ಬನ್ನ," ಅಂದಳು. ನಾನು ಹಾಳೆಯನ್ನು ತೆಗೆಯಲಿಲ್ಲ.

ನೀನು ಭೇಟಿ ಪಟ್ಟಿಯಿಂದ ನನ್ನ ಹೆಸರು ತೆಗೆಸಿದ್ದು ನ್ಯಾಯವೇ. ಆದರೂ ಸೇರಿಸು.