ಹಸಿರಾಗಿಹೋದ ಕರು

ಮಾರ್ಚ್ ೧೧, ರಾತ್ರಿ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಈ ದಿನ ನನ್ನ ಕೈಯಿಂದಲೇ ಒಂದು ಕರು ಹಾಳಾಯಿತು. ಕಾಗದದ ಮೇಲೆ.

ನಾಳೆ ಬೆಳಿಗ್ಗೆ ಅಜ್ಜಿಗೆ ಹೃದಯದ ಆಪರೇಷನ್. ಆಸ್ಪತ್ರೆ ಮಂಚದ ಮೇಲೆ ಮಲಗಿಕೊಂಡು ಕೇಳಿದ್ದು ಒಂದೇ: "ನಮ್ಮ ಹೊಲದ ಚಿತ್ರ ಬರ್ಕೊಡೋ. ಕುರಿ, ಕತ್ತೆ, ನಾನು ಬಾಟ್ಲಿ ಹಾಲು ಕುಡಿಸಿ ಬೆಳೆಸಿದ ಬಿಳಿ ಕರು. ಒಳಗೆ ಹೋಗೋ ಮುಂಚೆ ಒಂದ್ಸಲ ನೋಡ್ಬೇಕು. ಈ ಸಲ ಮಾತ್ರ ಕೋತಿಚೇಷ್ಟೆ ಬೇಡಪ್ಪಾ."

ಮಾಡಲಿಲ್ಲ. ಕತ್ತೆಗೆ ಮಾವನ ಮೀಸೆ ಇಡಲು ಕೈ ತುರಿಸಿತು, ತಡೆದುಕೊಂಡೆ. ಬೆಟ್ಟ ಬಂತು, ಕುರಿಗಳು ಬಂದವು. ಆಮೇಲೆ ಹುಲ್ಲಿನ ಹಸಿರು ಎಷ್ಟು ಚೆಂದ ಹರಿಯಿತೆಂದರೆ, ಕರುವಿಗೆಂದು ಖಾಲಿ ಬಿಟ್ಟಿದ್ದ ಜಾಗದ ಮೇಲೂ ಮೈಮರೆತು ಕುಂಚ ಎಳೆದುಬಿಟ್ಟೆ.

"ಮೇಲೆ ಬಿಳಿ ಹಚ್ಚೋ, ಪೆದ್ದ," ಅಂದಳು ಅಕ್ಕ.

"ನನ್ನ ನೀರುಬಣ್ಣದ ಡಬ್ಬೀಲಿ ಬಿಳಿ ಬಣ್ಣಾನೇ ಇಲ್ಲ ಕಣೇ. ಬಿಳಿ ಅಂದ್ರೆ ಹಾಗೇ ಬಿಟ್ಟ ಕಾಗದ."

ಒದ್ದೆ ಬಟ್ಟೆಯಿಂದ ಒರೆಸಿದೆ. ಕಾಗದ ಕಿತ್ತು ಬಂತು, ಹಸಿರು ಹೋಗಲಿಲ್ಲ. ಇದೇ ಕೊನೆಯ ಹಾಳೆ. ಅಂಗಡಿ ತೆರೆಯುವ ಹೊತ್ತಿಗೆ ಅಜ್ಜಿಯನ್ನು ಒಳಗೆ ಕರೆದೊಯ್ದಿರುತ್ತಾರೆ.

ಅಕ್ಕ ಸಮಾಧಾನ ಮಾಡಿದಳು: "ತಮಾಷೆಗೆ ಮಾಡ್ದೆ ಅಂದ್ಬಿಡು. ನೀನಲ್ವಾ, ಎಲ್ಲರೂ ನಂಬ್ತಾರೆ."

ಅದೇ ನನ್ನ ಸಂಕಟ. ಹುಟ್ಟಿದಾಗಿನಿಂದ ಇದೊಂದು ಸಲ ನಾನು ತಮಾಷೆ ಮಾಡಲು ಕೂತಿರಲಿಲ್ಲ. ನಾಳೆ ಅಜ್ಜಿ ಹಸಿರು ಕರು ನೋಡಿ, ಪಾಪ, ನನಗೋಸ್ಕರ ನಗುತ್ತಾಳೆ. ನಾನೂ ಹಲ್ಲು ಕಿರಿಯಬೇಕು. ಅಷ್ಟರಲ್ಲಿ ಮಂಚ ತಳ್ಳಿಕೊಂಡು ಹೋಗಿಬಿಡುತ್ತಾರೆ. ಅಜ್ಜಿ, ಅದು ಚೇಷ್ಟೆಯಲ್ಲ ಅಂತ ನಿನಗೆ ಹೇಳಬೇಕು, ನೀನು ವಾಪಸ್ ಬರಲೇಬೇಕು, ಇಲ್ಲದಿದ್ದರೆ ನಾನು ಯಾರ ಹತ್ತಿರ…